ಅತ್ತೆಯ ಜ್ಞಾನಸ್ನಾನದ ಒಂದು ಸಾಲು ಓದಲು 11 ತಿಂಗಳು

ಹೋದ ತಿಂಗಳು ನಮ್ಮ ಅತ್ತೆಯ (ಅಪ್ಪನ ಸೋದರಿ) ಖಾತೆಗೆ ಮೊದಲ ಸಲ ಕುಟುಂಬ ಪಿಂಚಣಿ ಜಮಾ ಆಯಿತು. ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಅರ್ಜಿ ಹಾಕಿ ಅಷ್ಟೊತ್ತಿಗೆ 14 ತಿಂಗಳಾಗಿತ್ತು. ಅದರಲ್ಲಿ 11 ತಿಂಗಳು ಹೋದದ್ದು ಚರ್ಚಿನ ಹಳೆಯ ಪುಸ್ತಕದ ಒಂದೇ ಒಂದು ಸಾಲನ್ನು ಸರಿಯಾಗಿ ಓದಿಸುವುದಕ್ಕೆ. ಹಿರಿಯರ ದಾಖಲೆ ಹುಡುಕಿಕೊಂಡು ಚರ್ಚಿಗೆ ಹೋಗುವವರು ಕಲಬುರಗಿ, ಬೀದರ್, ಯಾದಗಿರಿ ಕಡೆ ಇನ್ನೂ ಇದ್ದಾರೆ. ಅವರಿಗೆ ನಮ್ಮಷ್ಟು ಅಲೆದಾಟ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಜ್ಜ ವಾಡಿ ಜಂಕ್ಷನ್‌ನಲ್ಲಿ ಪಾಯಿಂಟ್ಸ್‌ಮನ್, ಅಂದರೆ ರೈಲಿನ ಹಳಿ ಬದಲಿಸುವವರು, ಆಗಿದ್ದರು. ವಾಡಿ ಬೆಳೆದದ್ದೇ ರೈಲಿನಿಂದ. 1871ರಲ್ಲಿ ಮುಂಬೈ ಕಡೆಯ ಹಳಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಆ ಕೆಲಸಕ್ಕಾಗಿ ಎಲ್ಲೆಲ್ಲಿಂದಲೋ ಬಂದವರಲ್ಲಿ ನಮ್ಮ ಹಿರಿಯರೂ ಇದ್ದರು. ಮನೆಯಲ್ಲಿ ತೆಲುಗು, ಓಣಿಯಲ್ಲಿ ದಖನಿ ಉರ್ದು, ಸಂತೆಯಲ್ಲಿ ಕನ್ನಡ. ಈಗ ನಮ್ಮ ಮನೆಯೊಳಗೂ ಕನ್ನಡವೇ.

ಅಜ್ಜ ತೀರಿಕೊಂಡ ಮೇಲೆ ಪಿಂಚಣಿ ಅಜ್ಜಿಗೆ ಬರುತ್ತಿತ್ತು. ಅತ್ತೆ ಮದುವೆ ಆಗಲಿಲ್ಲ. ಬಟ್ಟೆ ಹೊಲಿದುಕೊಂಡು ಅಜ್ಜಿಯನ್ನು ಕೊನೆಯ ತನಕ ನೋಡಿಕೊಂಡವರು ಅವರೇ. ಅಜ್ಜಿ ತೊಂಬತ್ತು ದಾಟಿ ಹೋದರು. ಅವರ ಹಿಂದೆಯೇ ಪಿಂಚಣಿ ನಿಂತಿತು. ತಂದೆ-ತಾಯಿಯ ಆಸರೆಯಲ್ಲೇ ಇದ್ದ, ಸ್ವಂತ ಆದಾಯ ಕಡಿಮೆ ಇರುವ ಅವಿವಾಹಿತ ಮಗಳಿಗೂ ಕುಟುಂಬ ಪಿಂಚಣಿ ಸಿಗುತ್ತದೆ ಅಂತ ಅಜ್ಜನ ಜೊತೆ ಕೆಲಸ ಮಾಡಿದ್ದ ಒಬ್ಬರ ಮಗ ಹೇಳಿದ. ನಮಗೆ ಗೊತ್ತೇ ಇರಲಿಲ್ಲ.

ಅರ್ಜಿ ಹಾಕಿದೆವು. ಮೂರು ವಾರಕ್ಕೆ ವಾಪಸ್ ಬಂತು. ಅತ್ತೆಯ ಹುಟ್ಟಿದ ತಾರೀಕು ಮೂರು ಕಡೆ ಮೂರು ಥರ ಇತ್ತು. ಶಾಲೆಯ ಟಿ.ಸಿ.ಯಲ್ಲಿ 8-12-1948. ಅಜ್ಜನ ಸೇವಾ ಪುಸ್ತಕದ ಕುಟುಂಬದ ಪಟ್ಟಿಯಲ್ಲಿ 8-10-1948. ಆಧಾರ್‌ನಲ್ಲಿ 1-1-1950, ಅದು ಕ್ಯಾಂಪಿನಲ್ಲಿ ಕೂತಿದ್ದ ಹುಡುಗ ಕೇಳದೇ ಹಾಕಿದ್ದು. ಸೇವಾ ಪುಸ್ತಕದಲ್ಲಿ ಹೆಸರು ಥೆರೇಸಾ, ಆಧಾರ್‌ನಲ್ಲಿ ಲಿಲ್ಲಿ. "ಈಕೆ ಅವರ ಮಗಳೇ ಅನ್ನುವುದಕ್ಕೆ ಜನನ ಪ್ರಮಾಣಪತ್ರ ತನ್ನಿ" ಅಂದರು.

1948ರ ಜನನ ಪ್ರಮಾಣಪತ್ರ ಎಲ್ಲಿಂದ ತರುವುದು? ಜನನ ನೋಂದಣಿ ಕಚೇರಿಯವರು ಆ ವರ್ಷದ ಪುಸ್ತಕದಲ್ಲಿ ಹೆಸರಿಲ್ಲ ಅಂತ ಹಿಂಬರಹ ಕೊಟ್ಟರು. ಈ ಹಿಂಬರಹವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಪ್ರತಿ ಮೇಜಿನಲ್ಲೂ ಅದನ್ನೇ ಮೊದಲು ಕೇಳಿದರು. ವಕೀಲರು ಇನ್ನೊಂದು ದಾರಿಯನ್ನೂ ಹೇಳಿದ್ದರು. 1969ರ ಜನನ ಮರಣ ನೋಂದಣಿ ಕಾಯ್ದೆಯ 13(3) ಪ್ರಕಾರ ತಡವಾಗಿ ನೋಂದಣಿ ಮಾಡಿಸಬಹುದು. 2023ರ ತಿದ್ದುಪಡಿ ಆದ ಮೇಲೆ ಅದರ ಆದೇಶ ಜಿಲ್ಲಾ ದಂಡಾಧಿಕಾರಿ ಇಲ್ಲವೇ ಉಪವಿಭಾಗದ ದಂಡಾಧಿಕಾರಿಯಿಂದ ಬರುತ್ತದೆ. ಆದರೆ ಅಲ್ಲಿಗೆ ಹೋಗಲಿಕ್ಕೂ ಏನಾದರೂ ಹಳೆಯ ಆಧಾರ ಬೇಕಲ್ಲ. ನಮ್ಮಲ್ಲಿ ಇರಬಹುದಾದ ಹಳೆಯ ಆಧಾರ ಒಂದೇ, ಜ್ಞಾನಸ್ನಾನದ ಪುಸ್ತಕ. ನೀರು ಸುರಿದು ಕೂಸನ್ನು ಚರ್ಚಿಗೆ ಸೇರಿಸಿಕೊಳ್ಳುವುದೇ ಜ್ಞಾನಸ್ನಾನ, ಅದನ್ನು ಬರೆದಿಡುವ ಪುಸ್ತಕ ಇದು.

ಈ ನಡುವೆ ಒಬ್ಬ ಏಜೆಂಟ್‌ಗೆ 3,000 ರೂಪಾಯಿ ಕೊಟ್ಟೆವು. "ಎರಡು ವಾರದಾಗ ಮಾಡಿಸ್ತೀನ್ರಿ" ಅಂದಿದ್ದ. ಆಮೇಲೆ ಫೋನ್ ಎತ್ತಲಿಲ್ಲ. ಅತ್ತೆ ಮೂರು ತಿಂಗಳು ಹೊಲಿದ ದುಡ್ಡು ಅದು. ದಯವಿಟ್ಟು ಯಾರೂ ಹಾಗೆ ಕೊಡಬೇಡಿ.

ಪುಸ್ತಕ ಹುಡುಕುವುದೇ ಒಂದು ಕಥೆ. ಗುಲ್ಬರ್ಗಾ ಧರ್ಮಪ್ರಾಂತ (ಒಬ್ಬ ಬಿಷಪ್ ಕೈಕೆಳಗಿನ ಪ್ರದೇಶ) ಬೇರೆಯಾಗಿ ಆದದ್ದು 2005ರಲ್ಲಿ. ಅದಕ್ಕೂ ಮೊದಲು ಈ ಕಡೆಯ ಊರುಗಳು ಬೇರೆ ಧರ್ಮಪ್ರಾಂತಗಳ ಕೆಳಗಿದ್ದವು. ಚಿಕ್ಕ ಊರುಗಳಿಗೆ ಆಗ ತಮ್ಮದೇ ಫಾದರ್ ಇರಲಿಲ್ಲ. ದೂರದ ಧರ್ಮಕೇಂದ್ರದಿಂದ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬಂದು ಪೂಜೆ ಮಾಡಿ, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟು, ಬರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಹುಟ್ಟಿದ ಊರಿನ ಚರ್ಚಿನಲ್ಲಿ ಪುಸ್ತಕ ಇಲ್ಲ ಅಂದರೆ ಅಲ್ಲಿಗೇ ಕೈ ಬಿಡಬೇಡಿ. "ಆ ಕಾಲಕ್ಕೆ ಇಲ್ಲಿಗೆ ಯಾವ ಊರಿನಿಂದ ಫಾದರ್ ಬರುತ್ತಿದ್ದರು?" ಅಂತ ಹಿರಿಯರನ್ನು ಕೇಳಿ. ನಾವು ಹಾಗೆ ಕೇಳಿದ್ದು ಮೂರನೇ ಸಲ ಹೋದಾಗ. ಮೊದಲೇ ಕೇಳಿದ್ದರೆ ಎರಡು ಸಲದ ರೈಲು, ಆಟೋ ಖರ್ಚು ಉಳಿಯುತ್ತಿತ್ತು.

ಪುಸ್ತಕ ಸಿಕ್ಕಿತು. ಉದ್ದನೆಯದು, ಬೆನ್ನು ಕಿತ್ತುಹೋಗಿತ್ತು. ಹಾಳೆಗಳು ಹಪ್ಪಳದ ಹಾಗಾಗಿದ್ದವು. ಕೊನೆಯಲ್ಲಿ ಹೆಸರಿನ ಪಟ್ಟಿ ಇತ್ತು. ಅಜ್ಜನ ಮನೆತನದ ಹೆಸರು ಹುಡುಕಿದೆ, ಇಲ್ಲ. ಲಿಲ್ಲಿ ಹುಡುಕಿದೆ, ಇಲ್ಲ. ಕಣ್ಣು ಸೋತು ಕೂತಾಗ ಅಲ್ಲಿನ ಉಪದೇಶಿ (ಚರ್ಚಿನಲ್ಲಿ ಧರ್ಮಪಾಠ ಹೇಳುವವರು) ಹೇಳಿದರು. "ಅಕ್ಕಾರ, ಹಳೇ ಪಟ್ಟಿ ಮನೆತನದ ಹೆಸರಿಂದ ಇರಂಗಿಲ್ಲ. ಜ್ಞಾನಸ್ನಾನದಾಗ ಏನ್ ಹೆಸರಿಟ್ಟಿದ್ರು, ಅದರಿಂದ ನೋಡ್ರಿ." ಥೆರೇಸಾ ಅಂತ ನೋಡಿದೆ. ಥೆರೇಸಿಯಾ ಅಂತ ನಾಲ್ಕು ಮಕ್ಕಳಿದ್ದವು. ಅದರಲ್ಲಿ 1948ರದು ಒಂದೇ. ಅತ್ತೆ ಆ ಸಾಲಿನ ಮೇಲೆ ಬೆರಳಿಡಲು ಹೋಗಿ ಹಿಂದೆ ತೆಗೆದರು. ಹಾಳೆ ಹರಿದೀತು ಅಂತ ಭಯ.

ಎಲ್ಲ ಲ್ಯಾಟಿನ್. ಕೆಥೋಲಿಕ ಚರ್ಚಿನ ದಾಖಲೆಗಳು ನಮ್ಮ ಕಡೆ 1960ರ ದಶಕದ ತನಕವೂ ಲ್ಯಾಟಿನ್‌ನಲ್ಲೇ ಸಿಗುತ್ತವೆ. ಅದೂ ಪೂರ್ತಿ ಶಬ್ದ ಅಲ್ಲ. ಅರ್ಧ ಬರೆದು ಚುಕ್ಕೆ ಇಟ್ಟದ್ದು. ಆ ಸಾಲನ್ನು ಈಗ ನಾನು ಬಾಯಿಪಾಠವಾಗಿ ಹೇಳಬಲ್ಲೆ.

"ಥೆರೇಸಿಯಾ, ಫಿಲ್. ಲೆಗ್., ಎಕ್ಸ್ ಯೋಆನ್ನೆ ಎತ್ ಆನ್ನಾ, ನಾಟ್. 14 7ಬ್ರಿಸ್, ಬಾಪ್ಟ್. ಇನ್ ಪೆರ್. ಮೋರ್ಟ್. 15 ಏಯುಸ್ದ್. ಆಬ್ ಒಬ್ಸ್ಟ್. ಬೀಬಿ. ಸುಬ್ ಕೊಂಡ್. 8 ಎಕ್ಸ್‌ಬ್ರಿಸ್. ಮಾತ್ರ್. ರೋಸಾ."

ಕೊನೆಯ ತಾರೀಕಿನಲ್ಲಿ ಎಕ್ಸ್ ಅಂದರೆ ರೋಮನ್ ಅಂಕಿಯ ಹತ್ತರ ಗುರುತು. ಇದನ್ನು ಮರೆಯಬೇಡಿ, ನಮ್ಮ ಅರ್ಧ ಗೋಳು ಅದರಿಂದಲೇ.

ಅಂದು ಚರ್ಚಿನ ಕಚೇರಿಯಲ್ಲಿದ್ದವರು ಸುಮ್ನೆ ತಡ ಯಾಕೆ ಅಂತ ಅಚ್ಚಾದ ನಮೂನೆಯಲ್ಲಿ ತುಂಬಿ ಸರ್ಟಿಫಿಕೇಟ್ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಹುಟ್ಟಿದ್ದು 14-7-1948. ಜ್ಞಾನಸ್ನಾನ 15-7-1948. ತಂದೆ ಯೋಆನ್ನೆ. ತಾಯಿ ರೋಸಾ. ನಾನೂ ಸಂತೋಷದಿಂದ ತೆಗೆದುಕೊಂಡು ಬಂದೆ. ಓದಿ ನೋಡುವ ಬುದ್ಧಿ ಬರಲಿಲ್ಲ. ನಮ್ಮ ಅಜ್ಜಿಯ ಹೆಸರು ಅನ್ನಮ್ಮ.

ಪಿಂಚಣಿ ಕಚೇರಿಯಲ್ಲಿ ಕಾಗದ ನೋಡಿದವರು ಪೆನ್ ಕೆಳಗಿಟ್ಟರು. ತಾಯಿ ಬೇರೆ. ತಂದೆಯ ಹೆಸರು ಸೇವಾ ಪುಸ್ತಕದಲ್ಲಿ ಜಾನ್, ಇಲ್ಲಿ ಯೋಆನ್ನೆ. ತಾರೀಕು ಈಗ ನಾಲ್ಕು ಥರ. ನಾನು ಜೊತೆಗೆ ಇಟ್ಟಿದ್ದ ಪುಸ್ತಕದ ಫೋಟೋವನ್ನು ಇನ್ನೊಬ್ಬರು ದೊಡ್ಡದು ಮಾಡಿ ನೋಡಿ, "ಇಲ್ಲಿ ಮೋರ್ಟ್ ಅಂತ ಇದೆಯಲ್ಲ ಮೇಡಂ, ಅಂದರೆ ಸಾವು. ಈ ಮಗು ಸತ್ತಿದೆ. ಇವರು ಬೇರೆ ಯಾರೋ" ಅಂದರು. ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. 75 ದಾಟಿದ ಹೆಣ್ಣುಮಗಳ ಎದುರಿಗೆ, ನೀವು ಕೂಸಿದ್ದಾಗಲೇ ಸತ್ತಿದ್ದೀರಿ ಅಂತ ಹೇಳಿದ ಹಾಗಾಯಿತು. ಅತ್ತೆ ಏನೂ ಮಾತಾಡಲಿಲ್ಲ. ಹೊರಗೆ ಬಂದು ನೀರು ಕೇಳಿದರು.

ಇದಕ್ಕಿಂತ ನೋವಾದದ್ದು ಮನೆಯಲ್ಲಿ ಆಯಿತು. ನಮ್ಮ ಚಿಕ್ಕಪ್ಪನ ಮಗ ಫೋನಿನಲ್ಲಿ ಒಂದೊಂದೇ ಶಬ್ದ ಹಾಕಿ ನೋಡಿದ. ಫಿಲ್. ಅಂದರೆ ಮಗಳು. ನಾಟ್. ಅಂದರೆ ಮದುವೆಯಿಲ್ಲದೆ ಹುಟ್ಟಿದ ಅಂತ ಬಂತು. ಎರಡನ್ನೂ ಕೂಡಿಸಿ ಊಟದ ಹೊತ್ತಿನಲ್ಲಿ ಜೋರಾಗಿ ಹೇಳಿಬಿಟ್ಟ. ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಅತ್ತೆಯ ಕೈ ತುತ್ತಿನ ಮೇಲೆ ನಿಂತಿತು. ತಾಯಿ ರೋಸಾ ಅಂತ ಸರ್ಟಿಫಿಕೇಟ್ ಬೇರೆ ಇತ್ತಲ್ಲ. ತಾನು ಅನ್ನಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳೇ ಅಲ್ಲವೇನೋ ಅಂತ ಅವರಿಗೆ ಅನ್ನಿಸಿತು. ಎರಡು ಭಾನುವಾರ ಚರ್ಚಿಗೆ ಬರಲಿಲ್ಲ. ಒಂದು ರಾತ್ರಿ ನನ್ನ ಹತ್ತಿರ ಬಂದು, "ಪಿಂಚಣಿ ಬ್ಯಾಡ ಬಿಡವ್ವ. ಆ ಪುಸ್ತಕಾ ಮತ್ತ ತೆಗಿಬ್ಯಾಡ" ಅಂದರು.

ನಾನು ತೆಗೆಯಲೇಬೇಕಿತ್ತು. ದುಡ್ಡಿಗಾಗಿ ಅಲ್ಲ. ಅಷ್ಟು ವರ್ಷ ಅಜ್ಜಿಯ ಕಾಲು ಒತ್ತಿದ ಅತ್ತೆಯ ಮನಸ್ಸಿನಲ್ಲಿ ಆ ಅನುಮಾನ ಉಳಿಯುವುದು ನನಗೆ ಸಹಿಸಲಾಗಲಿಲ್ಲ.

ಲ್ಯಾಟಿನ್ ಬಲ್ಲವರು ಈಗ ಕಡಿಮೆ. ಎಳೆಯ ಫಾದರ್‌ಗಳಿಗೆ ಪ್ರಾರ್ಥನೆಯ ಲ್ಯಾಟಿನ್ ಬರುತ್ತದೆ, ಈ ಮುರುಕು ಬರಹ ಕಷ್ಟ. ವಿಚಾರಿಸಿ ವಿಚಾರಿಸಿ ಒಬ್ಬ ನಿವೃತ್ತ ಫಾದರ್ ಸಿಕ್ಕರು. ವಯಸ್ಸು 80 ದಾಟಿದೆ. ಲ್ಯಾಟಿನ್‌ನಲ್ಲೇ ಓದಿ ಫಾದರ್ ಆದ ಕಾಲದವರು. ಅವರ ಆರೋಗ್ಯ, ಮಳೆ, ಹಬ್ಬ ಅಂತ ಎರಡು ತಿಂಗಳು ಕಾದೆವು. ಪುಸ್ತಕ ಹೊರಗೆ ಒಯ್ಯಲು ಬಿಡುವುದಿಲ್ಲ, ಅವರನ್ನೇ ಕರೆದುಕೊಂಡು ಹೋಗಬೇಕಿತ್ತು. ಕಾರಿಗೆ 2,200 ರೂಪಾಯಿ ಆಯಿತು. ಅತ್ತೆಯನ್ನು ಬಲವಂತ ಮಾಡಿ ಕರೆದುಕೊಂಡು ಹೋದೆ.

ಫಾದರ್ ಸಾಲನ್ನು ಮೊದಲು ಓದಲೇ ಇಲ್ಲ. ಇಡೀ ಹಾಳೆ ನೋಡಿದರು. ಹಿಂದಿನ ಹಾಳೆ ತಿರುವಿದರು. ಟಾರ್ಚನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ ಹಿಡಿಯಲು ಹೇಳಿದರು. ಮಾಸಿದ ಮಸಿ ಹಾಗೆ ಹಿಡಿದರೆ ಎದ್ದು ಕಾಣುತ್ತದೆ. ಆಮೇಲೆ ಕೇಳಿದರು. "ಈ ಪುಸ್ತಕದಾಗ ಆಗಸ್ಟ್ ಆದ ಮ್ಯಾಲ ನೇರ ಡಿಸೆಂಬರ್ ಅದ. ಸೆಪ್ಟೆಂಬರ್ ಇಲ್ಲ, ಅಕ್ಟೋಬರ್ ಇಲ್ಲ, ನವೆಂಬರ್ ಇಲ್ಲ. ಒಂದs ದಿನ ಐದು ಕೂಸು. ಯಾಕ ಹೇಳು ತಾಯಿ?"

ನನಗೆ ಹೊಳೆಯಲಿಲ್ಲ. ಅತ್ತೆಗೆ ಹೊಳೆಯಿತು. "ಪೊಲೀಸ್ ಆಕ್ಷನ್ ರೀ, ಫಾದರ್."

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು, ನಮ್ಮ ಕಡೆ ಆಗ ಅದರಲ್ಲೇ ಇತ್ತು. ಸೊಲ್ಲಾಪುರದ ಕಡೆಯಿಂದ ಬಂದದ್ದೇ ದೊಡ್ಡ ಪಡೆ. 17ಕ್ಕೆ ನಿಜಾಮರು ಸೋತರು. ಆ ದಿನಗಳಲ್ಲಿ ಜನ ಮನೆ ಬಿಟ್ಟು ಹೊರಗೆ ಬರಲು ಹೆದರುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಮುಂದಿನ ತಿಂಗಳುಗಳೂ ಈ ಭಾಗದಲ್ಲಿ ನೆಮ್ಮದಿಯವಲ್ಲ. ದೂರದ ಊರಿನಿಂದ ಫಾದರ್ ಬರಲು ಆಗಲೇ ಇಲ್ಲ. ಬಂದದ್ದು ಡಿಸೆಂಬರ್ 8ಕ್ಕೆ, ಅಮಲೋದ್ಭವ ಮಾತೆ ಮರಿಯಳ ಹಬ್ಬಕ್ಕೆ. ಅಂದೇ ಐದೂ ಮಕ್ಕಳನ್ನು ಬರೆದುಕೊಂಡಿದ್ದಾರೆ. ಮೊದಲ ಮಗುವಿನ ಮುಂದೆ ತಾರೀಕು, ಉಳಿದವರ ಮುಂದೆ "ಏಓದ್. ದಿಯೆ", ಅಂದರೆ ಅದೇ ದಿನ.

ಆಮೇಲೆ ಒಂದೊಂದೇ ಶಬ್ದ ಬಿಡಿಸಿದರು.

ಫಿಲ್. ಲೆಗ್. ಅಂದರೆ ಫಿಲಿಯಾ ಲೆಗಿತಿಮಾ. ಮದುವೆಯಾದ ದಂಪತಿಯ ಮಗಳು. ನಾಟ್. ಅಂದರೆ ನಾಟಾ, ಹುಟ್ಟಿದ್ದು, ಅಷ್ಟೇ. ಮಗಳು ಅನ್ನುವ ಶಬ್ದಕ್ಕೆ ಅಂಟಿಕೊಂಡು "ಫಿಲ್. ನಾಟ್." ಅಂತ ಬಂದರೆ ಮಾತ್ರ ಮದುವೆಯ ಹೊರಗೆ ಹುಟ್ಟಿದ್ದು ಅನ್ನುವ ಅರ್ಥ. ತಾರೀಕಿನ ಜೊತೆ ಬಂದರೆ ಹುಟ್ಟಿದ ದಿನ. ನಮ್ಮ ಸಾಲಿನಲ್ಲಿ ಅದರ ಮುಂದೆ 14 ಇದೆ. ಫಾದರ್ ಇದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ, ಅತ್ತೆಯ ಕಡೆ ನೋಡಿ ಹೇಳಿದರು. "ನಿಮ್ಮ ತಂದಿ-ತಾಯಿ ಧರ್ಮದಿಂದ ಲಗ್ನ ಆದವರು. ಲೆಗ್. ಅಂತ ಬರದಾರ ನೋಡ್ರಿ. ಇದಕ್ಕಿಂತ ಗಟ್ಟಿ ಬೇರೆ ಬೇಕಿಲ್ಲ." ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಉಪದೇಶಿ ಎದ್ದು ಹೋಗಿ ಚಹಾ ತಂದರು.

7ಬ್ರಿಸ್ ಅಂದರೆ ಏಳನೇ ತಿಂಗಳು ಜುಲೈ ಅಲ್ಲ. ಲ್ಯಾಟಿನ್‌ನಲ್ಲಿ ಸೆಪ್ತೆಮ್ ಅಂದರೆ ಏಳು. ಅದನ್ನು ಅಂಕಿಯಲ್ಲಿ ಬರೆದು ಬಾಲ ಹಚ್ಚಿದರೆ ಸೆಪ್ಟೆಂಬರ್. ರೋಮನ್ನರ ಹಳೆಯ ವರ್ಷ ಮಾರ್ಚಿನಿಂದ ಶುರುವಾಗುತ್ತಿತ್ತು, ಆ ಲೆಕ್ಕ ಹಾಗೇ ಉಳಿದಿದೆ. 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್, ಹತ್ತರ ಗುರುತಿನ ಎಕ್ಸ್‌ಬ್ರಿಸ್ ಡಿಸೆಂಬರ್. ಸೇವಾ ಪುಸ್ತಕದಲ್ಲಿ 8-10-1948 ಯಾಕೆ ಬಂತು ಅಂತ ಅಲ್ಲಿಗೆ ಗೊತ್ತಾಯಿತು. ಯಾರೋ ಎಕ್ಸ್ ಅನ್ನು ಹತ್ತನೇ ತಿಂಗಳು ಅಂತ ಬರೆದುಕೊಂಡಿದ್ದರು. ಶಾಲೆಯವರು ಅದೇ ತಾರೀಕನ್ನು ಡಿಸೆಂಬರ್ ಅಂತ ಸರಿಯಾಗಿ ಓದಿದ್ದರು. ಆದರೆ ಅದು ಹುಟ್ಟಿದ ದಿನವೇ ಅಲ್ಲ.

ಯೋಆನ್ನೆ ಬೇರೆ ಮನುಷ್ಯ ಅಲ್ಲ. ಲ್ಯಾಟಿನ್‌ನಲ್ಲಿ ನಮ್ಮ ವಿಭಕ್ತಿಗಳ ಹಾಗೆ ಹೆಸರಿನ ಕೊನೆ ಬದಲಾಗುತ್ತದೆ. ಯೋಆನ್ನೆಸ್ ಅಂದರೆ ಯೋಹಾನ. ಯೋಆನ್ನಿಸ್ ಅಂದರೆ ಯೋಹಾನನ. ಎಕ್ಸ್ ಯೋಆನ್ನೆ ಅಂದರೆ ಯೋಹಾನನಿಂದ. (ಇಲ್ಲಿ ಎಕ್ಸ್ ಹತ್ತು ಅಲ್ಲ, "ಇಂದ" ಅನ್ನುವ ಶಬ್ದ.) ಮನೆಯಲ್ಲಿ ಜಾನಪ್ಪ, ರೈಲ್ವೆಯಲ್ಲಿ ಜಾನ್, ಪುಸ್ತಕದಲ್ಲಿ ಯೋಆನ್ನೆ, ಮೂರೂ ನಮ್ಮ ಅಜ್ಜನೇ. ಇದೇ ರೀತಿ ಯಾಕೋಬುಸ್ ಅಂದರೆ ಜೇಮ್ಸ್, ಲುದೋವಿಕುಸ್ ಅಂದರೆ ಲೂಯಿಸ್, ಗುಲಿಯೆಲ್ಮುಸ್ ಅಂದರೆ ವಿಲಿಯಂ. ನಿಮ್ಮ ಮನೆಯ ಹೆಸರು ಪುಸ್ತಕದಲ್ಲಿ ಇಲ್ಲ ಅನ್ನುವ ಮೊದಲು ಲ್ಯಾಟಿನ್ ರೂಪ ಕೇಳಿಕೊಳ್ಳಿ.

ಮಾತ್ರ್. ಅಂದರೆ ತಾಯಿ ಅಲ್ಲ. ಮಾತ್ರಿನಾ, ಜ್ಞಾನತಾಯಿ. ರೋಸಾ ಅತ್ತೆಯನ್ನು ಎತ್ತಿ ಹಿಡಿದ ಜ್ಞಾನತಾಯಿ. ಹೆತ್ತ ತಾಯಿ ಅದೇ ಸಾಲಿನಲ್ಲಿ ಮೊದಲೇ ಇದ್ದರು, ಆನ್ನಾ ಅಂತ. ಇದೇ ಮಾತ್ರ್. ಅನ್ನುವುದು ಅಂಚಿನಲ್ಲಿ ಬಂದರೆ ಮಾತ್ರಿಮೋನಿಯುಮ್, ಮದುವೆ. ಒಂದೇ ಮುರುಕು ಶಬ್ದ, ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಅರ್ಥ.

ಇನ್ ಪೆರ್. ಮೋರ್ಟ್. ಅಂದರೆ ಇನ್ ಪೆರಿಕುಲೋ ಮೋರ್ಟಿಸ್. ಸಾವಿನ ಅಪಾಯದಲ್ಲಿ. ಸತ್ತಿದೆ ಅಂತ ಅಲ್ಲ. ಸತ್ತಿದ್ದರೆ ಒಬಿಯಿತ್ ಅಂತಲೋ, ಹೆಸರಿನ ಪಕ್ಕ ಶಿಲುಬೆಯ ಗುರುತೋ ಸಾಮಾನ್ಯವಾಗಿ ಇರುತ್ತದೆ. ಹುಟ್ಟಿದ ಮಾರನೇ ದಿನ, ಏಯುಸ್ದ್. ಅಂದರೆ ಅದೇ ತಿಂಗಳ 15ಕ್ಕೆ, ಕೂಸು ಉಳಿಯುವುದಿಲ್ಲ ಅಂತ ಮನೆಯಲ್ಲೇ ಜ್ಞಾನಸ್ನಾನ ಆಗಿದೆ. ಕೊಟ್ಟವರು ಯಾರು? ಆಬ್ ಒಬ್ಸ್ಟ್. ಅಂದರೆ ಆಬ್ ಒಬ್ಸ್ತೆತ್ರಿಚೆ. ಸೂಲಗಿತ್ತಿಯಿಂದ. ಅವಳ ಹೆಸರು ಬೀಬಿ.

ಅತ್ತೆ ತಲೆ ಎತ್ತಿ, "ಬೀಬಮ್ಮ" ಅಂದರು.

ರೈಲ್ವೆ ಚಾಳಿನ ಹಿಂದಿನ ಓಣಿಯಲ್ಲಿದ್ದ ಸೂಲಗಿತ್ತಿ ಬೀಬಮ್ಮ. ಅಜ್ಜಿ ಪ್ರತಿ ವರ್ಷ ರಂಜಾನ್ ಈದ್ ದಿನ ಅತ್ತೆಗೆ ಹೊಸ ಬಟ್ಟೆ ಹಾಕಿ ಆ ಮನೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಶೀರ್‌ಖುರ್ಮಾ ಕುಡಿದು, ಬೀಬಮ್ಮನ ಕಾಲು ಮುಟ್ಟಿ ಬರಬೇಕು. ಬೇರೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರಲಿಲ್ಲ, ಇವರನ್ನು ಮಾತ್ರ. ಯಾಕೆ ಅಂತ ಅತ್ತೆಗೆ ಅಜ್ಜಿ ಹೇಳಿರಲಿಲ್ಲ.

ಪ್ರಾಣ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಕ್ರೈಸ್ತರೇ ಆಗಿರಬೇಕಿಲ್ಲ ಅಂತ ಫಾದರ್ ಹೇಳಿದರು. ಚರ್ಚಿನ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟು, ನೀರು ಸುರಿದು, ಜ್ಞಾನಸ್ನಾನದ ಮಾತುಗಳನ್ನು ಹೇಳಿದರೆ ಸಾಕು. ಹೊರಗೆ ಗಲಾಟೆ, ಒಳಗೆ ನೀಲಿಗಟ್ಟಿದ ಕೂಸು. ಅಜ್ಜಿ ಮಲಗಿದಲ್ಲಿಂದಲೇ ಮಾತು ಹೇಳಿಕೊಟ್ಟಿರಬೇಕು, ಬೀಬಮ್ಮ ನೀರು ಸುರಿದು ಅಂದಿರಬೇಕು. ಆ ಮಾತು ಸರಿಯಾಗಿ ಬಂತೋ ಇಲ್ಲವೋ ಅಂತ ಡಿಸೆಂಬರಿನಲ್ಲಿ ಬಂದ ಫಾದರ್‌ಗೆ ಸಂಶಯ. ಅದಕ್ಕೇ ಸುಬ್ ಕೊಂಡ್., ಸುಬ್ ಕೊಂದಿಸಿಯೋನೆ, ಷರತ್ತಿನ ಮೇಲೆ. "ನಿನಗೆ ಜ್ಞಾನಸ್ನಾನ ಆಗಿರದಿದ್ದರೆ ನಾನು ಕೊಡುತ್ತೇನೆ" ಅಂತ ಹೇಳಿ ಕೊಡುವುದು. ಆಗಿದ್ದರೆ ಮೊದಲನೆಯದೇ ನಿಲ್ಲುತ್ತದೆ. ಎರಡು ತಾರೀಕು ಯಾಕೆ ಅನ್ನುವುದಕ್ಕೆ ಉತ್ತರ ಇದು. ಕೆಲವು ಪುಸ್ತಕಗಳಲ್ಲಿ ಇದೇ ಜಾಗದಲ್ಲಿ "ಸುಪ್ಪ್ಲ್. ಸೆರ್." ಅಂತ ಇರುತ್ತದೆ. ಮನೆಯಲ್ಲಿ ಆದದ್ದು ಸರಿಯಾಗಿದೆ, ಉಳಿದ ವಿಧಿಗಳನ್ನು ಚರ್ಚಿನಲ್ಲಿ ಆಮೇಲೆ ಮುಗಿಸಿದರು ಅಂತ ಅರ್ಥ.

ಇನ್ನೊಂದು ಮುಖ್ಯ ವಿಷಯ ಅಂಚಿನದು. 1908ರಿಂದ ಒಂದು ನಿಯಮ ಬಂತು. ಮದುವೆ ಎಲ್ಲೇ ಆಗಲಿ, ಅದನ್ನು ಜ್ಞಾನಸ್ನಾನದ ಸಾಲಿನ ಅಂಚಿನಲ್ಲಿ ಬರೆಯಬೇಕು. ದೃಢೀಕರಣ (ಜ್ಞಾನಸ್ನಾನ ಆದವರನ್ನು ವಿಶ್ವಾಸದಲ್ಲಿ ಗಟ್ಟಿ ಮಾಡುವ ಚರ್ಚಿನ ವಿಧಿ) ಆದರೆ ಅದನ್ನೂ ಬರೆಯುತ್ತಾರೆ. ಅತ್ತೆಯ ಸಾಲಿನ ಅಂಚಿನಲ್ಲಿ ಬೇರೆ ಮಸಿಯಲ್ಲಿ ದೃಢೀಕರಣದ ತಾರೀಕು ಇತ್ತು. ಮದುವೆಯ ಜಾಗ ಖಾಲಿ. ಅವರು ಮದುವೆಯಾಗಿಲ್ಲ ಅನ್ನುವುದಕ್ಕೆ ನಾವು ತಹಶೀಲ್ದಾರ್ ಕಚೇರಿಯಲ್ಲಿ ಒದ್ದಾಡುತ್ತಿದ್ದೆವು. ಫಾದರ್ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇದನ್ನೂ ಬರಸ್ಕೊಂಡ್ ಹೋಗ್ರಿ, ಅಂಚಿನಾಗ ಮದುವಿ ನಮೂದು ಇಲ್ಲ ಅಂತ" ಅಂದರು. ನಮಗಂತೂ ಅದು ಹೊಳೆಯುತ್ತಿರಲಿಲ್ಲ.

ಉಳಿದದ್ದು ಕಾಗದದ ಕೆಲಸ. ಅಚ್ಚಾದ ನಮೂನೆ ಬೇಡ ಅಂದೆ. ಅದರಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಚರ್ಚಿನ ಲೆಟರ್‌ಹೆಡ್‌ನಲ್ಲಿ ಮೊದಲು ಸಾಲನ್ನು ಇದ್ದಂತೆಯೇ, ಕೆಳಗೆ ಪೂರ್ತಿ ಲ್ಯಾಟಿನ್, ಅದರ ಕೆಳಗೆ ಇಂಗ್ಲಿಷ್ ಮತ್ತು ಕನ್ನಡ ಅರ್ಥ, ಪುಸ್ತಕದ ಸಂಖ್ಯೆ, ಪುಟ, ಕ್ರಮಸಂಖ್ಯೆ, ಕೊನೆಗೆ ಅಂಚಿನ ವಿವರ. ಅಲ್ಲಿನ ಧರ್ಮಗುರುಗಳ ಸಹಿ, ಮೊಹರು. ಅದರ ಮೇಲೆ ಬಿಷಪ್ ಹೌಸ್‌ನಲ್ಲಿ ದೃಢೀಕರಣದ ಮೊಹರು, ಇದಕ್ಕೆ ಒಂಬತ್ತು ದಿನ. ಹಳೆಯ ತಪ್ಪು ಸರ್ಟಿಫಿಕೇಟ್ ರದ್ದು ಅಂತ ಬೇರೆ ಒಂದು ಸಾಲು ಬರೆಸಿಕೊಂಡೆ. ಅದು ಇಲ್ಲದಿದ್ದರೆ ಕಡತದಲ್ಲಿ ಎರಡು ಕಾಗದ ಜಗಳವಾಡುತ್ತಾ ಕೂರುತ್ತಿದ್ದವು. ಜಾನ್, ಜಾನಪ್ಪ, ಯೋಆನ್ನೆಸ್ ಒಬ್ಬರೇ, ಥೆರೇಸಾ ಮತ್ತು ಲಿಲ್ಲಿ ಒಬ್ಬರೇ ಅಂತ ಅಫಿಡವಿಟ್. ಸ್ಟ್ಯಾಂಪ್ ಕಾಗದ, ನೋಟರಿ ಸೇರಿ 600 ಆಯಿತು. ಅಜ್ಜನನ್ನು ಕಂಡಿದ್ದ ಇಬ್ಬರು ಹಿರಿಯರು ಸಾಕ್ಷಿ ಹಾಕಿದರು. ಏಜೆಂಟ್ ತಿಂದದ್ದು ಬಿಟ್ಟರೆ ಒಟ್ಟು ಖರ್ಚು 6,000ದ ಹತ್ತಿರ.

ಪುಸ್ತಕ ನೋಡಲು ಹೋಗುವಾಗ ಭೂತಗನ್ನಡಿ, ಚಿಕ್ಕ ಟಾರ್ಚ್ ಇಟ್ಟುಕೊಳ್ಳಿ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಬೇಡಿ. ಫೋಟೋಗೆ ಅನುಮತಿ ಕೇಳಿ, ಕೊಟ್ಟರೆ ನಿಮ್ಮ ಸಾಲು ಮಾತ್ರ ಅಲ್ಲ, ಪೂರ್ತಿ ಹಾಳೆ, ಅಂಚಿನ ಸಮೇತ, ಫ್ಲಾಶ್ ಇಲ್ಲದೆ ತೆಗೆಯಿರಿ. ಆದರೆ ಬೇರೆ ಮನೆಯವರ ಸಾಲುಗಳೂ ಅದರಲ್ಲಿ ಇರುತ್ತವೆ, ಎಲ್ಲರಿಗೂ ಕಳಿಸುತ್ತಾ ಕೂರಬೇಡಿ. ಓದಿ ಮುಗಿಯುವ ತನಕ ಮನೆಯ ಹಿರಿಯರ ಎದುರು ಅರ್ಧ ಅರ್ಥ ಹೇಳಬೇಡಿ. ಇದನ್ನು ನಾನು ಕೈ ಮುಗಿದು ಕೇಳುತ್ತೇನೆ.

ನಿಜಾಮರ ಕಾಲದ ಶಾಲೆ ಅಥವಾ ನೌಕರಿಯ ಕಾಗದ ಇದ್ದರೆ ಅದರಲ್ಲಿ ಫಸ್ಲಿ ವರ್ಷ (ನಿಜಾಮರ ಆಡಳಿತದ ವರ್ಷದ ಲೆಕ್ಕ) ಇರಬಹುದು. ಅಜ್ಜನ ಕಾಗದದಲ್ಲಿ ಹುಟ್ಟಿದ ವರ್ಷ 1328 ಅಂತ ಇತ್ತು. ಅಲ್ಲಿ ವರ್ಷ ಅಕ್ಟೋಬರಿನಲ್ಲಿ, ಆಜರ್ ತಿಂಗಳಿಂದ ಶುರು. ಅಕ್ಟೋಬರಿನಿಂದ ಡಿಸೆಂಬರ್ ಒಳಗಿನ ತಾರೀಕಾದರೆ 590 ಕೂಡಿಸಿ, ಜನವರಿಯ ನಂತರದ್ದಾದರೆ 591. ಅಂದರೆ ಅಜ್ಜ ಹುಟ್ಟಿದ್ದು 1918ರ ಕೊನೆಗೋ 1919ಕ್ಕೋ.

ಹೊಸ ಕಾಗದ ಒಯ್ದಾಗ ಕಚೇರಿಯಲ್ಲಿ ಮೇಜಿನ ಆ ಕಡೆ ಬೇರೆಯವರಿದ್ದರು. ಕೂತು ಪೂರ್ತಿ ಓದಿದರು. ಬೀಬಿ ಅನ್ನುವಲ್ಲಿ ನಿಂತು, ಇದೇನು ಅಂತ ಕೇಳಿದರು. ಅತ್ತೆಯೇ ಹೇಳಿದರು. ಮೂರು ತಿಂಗಳಲ್ಲಿ ಮಂಜೂರಾಯಿತು.

ಪಿಂಚಣಿ ಬಂದ ವಾರ ಅತ್ತೆ ವಾಡಿಗೆ ಹೋಗೋಣ ಅಂದರು. ಹಾದಿಯಲ್ಲಿ ಖರ್ಜೂರದ ಡಬ್ಬಿ ಕೊಂಡರು. ಓಣಿ ಇದೆ, ಮನೆ ಬದಲಾಗಿದೆ. ಬೀಬಮ್ಮನ ಮೊಮ್ಮಗಳ ಮಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ ಅಂತ ಪಕ್ಕದವರು ತೋರಿಸಿದರು. ಅತ್ತೆ ಅಂಗಡಿಯೊಳಗೆ ಹೋಗಿ, ಪುಸ್ತಕದ ಆ ಸಾಲಿನ ಫೋಟೋ ತೆಗೆದು, ಅವನ ಮುತ್ತಜ್ಜಿಯ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಅವನು ತನ್ನ ಫೋನಿಗೆ ಕಳಿಸಿಕೊಂಡ.

ಆಧಾರ್ ಒಂದು ಬಾಕಿ ಇದೆ. ಮುಂದಿನ ಮಂಗಳವಾರಕ್ಕೆ ಟೋಕನ್ ಸಿಕ್ಕಿದೆ. "14, ಒಂಬತ್ತು, ನಲವತ್ತೆಂಟು," ಅಂತ ಅತ್ತೆ ನಿನ್ನೆಯಿಂದ ಹೇಳಿಕೊಡುತ್ತಿದ್ದಾರೆ. "ಆ ಹುಡುಗನ ಪಕ್ಕಕ್ಕs ನಿಂದ್ರು. ಬರಿಯೂಮುಂದ ನೋಡು."